ಡಾರ್ಕ್‌ರೂಮಿನಲ್ಲಿ ವ್ಯಾಸಲೀನ್: ಬಹಳ ಕಾಲ ಬಳಸಿದ ಮೇಲೆ

ತುಟಿ ಒಡೆದರೆ ಹಚ್ಚುವ ಅದೇ ಬಿಳಿ ವ್ಯಾಸಲೀನ್. ಮುಂಬೈ ಚಳಿಗೆ ತುಟಿ ಒಡೆಯುವುದು ಅಷ್ಟಕ್ಕಷ್ಟೇ, ನಮ್ಮ ಮನೆಯಲ್ಲಿ ಡಬ್ಬಿ ತಳ ಕಾಣುವುದು ನೆಗೆಟಿವ್‌ಗಳ ದೆಸೆಯಿಂದ. ಡಾರ್ಕ್‌ರೂಮಿನಲ್ಲಿ, ಅಂದರೆ ಫೋಟೊ ಪ್ರಿಂಟ್ ತೆಗೆಯುವ ಕತ್ತಲೆ ಕೋಣೆಯಲ್ಲಿ, ನೆಗೆಟಿವ್‌ನ ಗೀರು ಪ್ರಿಂಟಿನಲ್ಲಿ ಕಾಣದಿರಲೆಂದು ಇದನ್ನು ಹಚ್ಚುತ್ತೇನೆ. ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ಆಡಿದ ಕನ್ನಡ ನಾಟಕಗಳನ್ನು ಅಪ್ಪ ಕಪ್ಪು-ಬಿಳುಪಿನಲ್ಲಿ ತೆಗೆದಿಟ್ಟಿದ್ದಾರೆ. ಹೆಚ್ಚಿನವು ಊಟಿಯಲ್ಲಿ ತಯಾರಾಗುತ್ತಿದ್ದ ‘ಇಂದು’ ಫಿಲ್ಮು. ಕವರಿಗೆ ಹಾಕದೆ ಸುರುಳಿ ಸುತ್ತಿ ಡಬ್ಬಿಗೆ ತುಂಬಿದ್ದರಿಂದ ಗೀರಿಲ್ಲದ ಫ್ರೇಮು ಹುಡುಕಬೇಕು.

ಎಲ್ಲ ಗೀರೂ ಇದಕ್ಕೆ ಬಗ್ಗುವುದಿಲ್ಲ. ನೆಗೆಟಿವನ್ನು ಬಲ್ಬಿಗೆ ಓರೆಯಾಗಿ ಹಿಡಿದು ನೋಡಿ: ಗೀರು ಹೊಳಪಿನ ಬದಿಯಲ್ಲಿದ್ದರೆ ಪ್ರಿಂಟಿನಲ್ಲಿ ಬಿಳಿ ಗೆರೆ, ಮಂಕು ಬದಿಯ ಎಮಲ್ಷನ್ (ಚಿತ್ರ ಮೂಡಿರುವ ಪದರ) ಕಿತ್ತಿದ್ದರೆ ಕಪ್ಪು ಗೆರೆ. ಹೊಳಪಿನ ಬದಿಯ ಗೀರಿಗೆ ಬಡಿದ ಬೆಳಕು ಅತ್ತಿತ್ತ ಚದುರಿ ಎನ್ಲಾರ್ಜರಿನ (ನೆಗೆಟಿವ್‌ನ ಚಿತ್ರವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಯಂತ್ರ) ಲೆನ್ಸಿನವರೆಗೆ ಬರುವುದೇ ಇಲ್ಲ, ಆ ಜಾಗದಲ್ಲಿ ಕಾಗದ ಬೆಳ್ಳಗೆ ಉಳಿಯುತ್ತದೆ. ಆ ಪದರವನ್ನು ಹೊತ್ತ ಪಾರದರ್ಶಕ ಹಾಳೆಯ, ಅಂದರೆ ಫಿಲ್ಮಿನ ಅಸಿಟೇಟ್ ಬೇಸಿನ, ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಸುಮಾರು 1.48, ವ್ಯಾಸಲೀನಿನದೂ ಅದರ ಆಸುಪಾಸು. ಜಿಡ್ಡು ಗೀರಿನೊಳಗೆ ತುಂಬಿಕೊಂಡರೆ ಬೆಳಕಿನ ಪಾಲಿಗೆ ಗೀರೇ ಇಲ್ಲ.

ಸಾಸಿವೆ ಕಾಳಿನಷ್ಟು ಸಾಕು. ಬೆರಳ ತುದಿಯಲ್ಲಿ ತೆಗೆದುಕೊಂಡು ಹೊಳಪಿನ ಬದಿಗೆ ಮಾತ್ರ, ಫ್ರೇಮಿನ ಈ ಅಂಚಿನಿಂದ ಆ ಅಂಚಿನವರೆಗೆ ಹರಡುತ್ತೇನೆ. ಗೀರಿನ ಮೇಲಷ್ಟೇ ಬಳಿದರೆ ಜಿಡ್ಡಿನ ಅಂಚೇ ಪ್ರಿಂಟಿನಲ್ಲಿ ಮೂಡುತ್ತದೆ. ನಂತರ ಲೆನ್ಸ್ ಟಿಶ್ಯೂವಿನಿಂದ, ಒರೆಸಿದರೂ ಒರೆಸದ ಹಾಗೆ, ಹೆಚ್ಚಾದದ್ದನ್ನು ತೆಗೆಯಬೇಕು. ದಪ್ಪಗಿದ್ದರೆ ಬೆರಳಿನ ಗುರುತು ಅಲೆಅಲೆಯಾಗಿ ಬೀಳುತ್ತದೆ. ಎನ್ಲಾರ್ಜರಿನಲ್ಲಿ ನೆಗೆಟಿವ್ ಹಿಡಿದಿಡುವ ಚೌಕಟ್ಟು, ಅಂದರೆ ಕ್ಯಾರಿಯರ್, ಗಾಜಿಲ್ಲದ್ದಾದರೆ ಒಳ್ಳೆಯದು, ಇಲ್ಲವಾದರೆ ಆ ಗಾಜನ್ನೂ ತೊಳೆಯುವ ಕೆಲಸ ಗಂಟುಬೀಳುತ್ತದೆ.

ನಾಟಕದ ಒಂದು ಫ್ರೇಮಿನಲ್ಲಿ ರಾಜನ ವೇಷದವರ ಹಣೆಯಿಂದ ಕಿರೀಟದವರೆಗೆ ಕೂದಲೆಳೆಯಂಥ ಮೂರು ಗೆರೆ ಇದ್ದವು. ಹಚ್ಚಿ ತೆಗೆದ ಪ್ರಿಂಟಿನಲ್ಲಿ ಎರಡು ಪೂರ್ತಿ ಮಾಯ. ಮೂರನೆಯದು ಆಳದ್ದು, ಮಸುಕಾಗಿ ಉಳಿಯಿತು. ಅದನ್ನು ಸ್ಪಾಟಿಂಗ್ ಡೈ (ಪ್ರಿಂಟಿನ ಬಿಳಿ ಗುರುತಿಗೆ ತುಂಬುವ ಬಣ್ಣ) ಮತ್ತು ಸಣ್ಣ ಬ್ರಶ್ಶಿನಿಂದ ತಿದ್ದಿದೆ. ಕಪ್ಪು ಗೆರೆಗಾದರೆ ಪೊಟ್ಯಾಸಿಯಂ ಫೆರಿಸೈನೈಡಿನಿಂದ ಬ್ಲೀಚ್ ಮಾಡಬೇಕು, ಇಲ್ಲವೇ ಬ್ಲೇಡಿನಲ್ಲಿ ಕೆರೆಯಬೇಕು. ಎರಡು ವಿಧಾನವೂ ಕೈ ನಡುಗಿಸುವಂಥದ್ದೇ.

ಹಳಬರು ಮೂಗಿನ ಪಕ್ಕದ ಜಿಡ್ಡನ್ನೇ ಬೆರಳಿಗೆ ತಗುಲಿಸಿ ಉಜ್ಜುತ್ತಿದ್ದರು. ತಮಾಷೆಯಲ್ಲ, ಒಂಟಿ ಗೀರಿಗೆ ಈಗಲೂ ಅದೇ ಬೇಗ. ಮೇ ತಿಂಗಳ ಮುಂಬೈಯಲ್ಲಿ ದಾಸ್ತಾನಿಗೇನೂ ಕೊರತೆಯಿಲ್ಲ. ಗ್ಲಿಸರಿನ್ ಕೂಡ ಕೆಲಸ ಮಾಡುತ್ತದೆ, ನೀರಿನಲ್ಲಿ ತೊಳೆದುಹೋಗುವುದು ಅದರ ಗುಣ. ಆದರೆ ಮಳೆಗಾಲದಲ್ಲಿ ಗಾಳಿಯ ತೇವವನ್ನೆಲ್ಲ ಹೀರಿಕೊಂಡು ಒಸರುತ್ತದೆ, ನನಗೆ ಒಗ್ಗಲಿಲ್ಲ.

ಒಂದು ಸ್ಟಾರ್ ಕಳೆಯುವುದು ಶುಚಿ ಮಾಡುವ ಪೀಕಲಾಟಕ್ಕೆ. ಪ್ರಿಂಟ್ ಮುಗಿದ ತಕ್ಷಣ ತೆಗೆಯದಿದ್ದರೆ ಧೂಳೆಲ್ಲ ಅಲ್ಲೇ ಮನೆ ಮಾಡುತ್ತದೆ. ನಾನು ಲೈಟರಿಗೆ ಹಾಕುವ ನ್ಯಾಫ್ತಾ ಬಳಸುತ್ತೇನೆ. ಬೆಂಕಿ ಬೇಗ ಹತ್ತುವ ವಸ್ತು, ಕಿಟಕಿ ತೆರೆದು, ಎನ್ಲಾರ್ಜರಿನ ಬಲ್ಬ್ ಆರಿಸಿಯೇ ಮಾಡಿ. ಉಗುರುಬಣ್ಣ ತೆಗೆಯುವ ದ್ರಾವಣ ಬೇಡವೇ ಬೇಡ, ಅದರಲ್ಲಿ ಅಸಿಟೋನ್ ಇದ್ದರೆ ಫಿಲ್ಮಿನ ಬೇಸೇ ಕರಗುತ್ತದೆ. ಇಷ್ಟೆಲ್ಲ ರಗಳೆ ಇರುವುದರಿಂದ ಟೆಸ್ಟ್ ಪ್ರಿಂಟಿಗೆ ಹಚ್ಚುವುದಿಲ್ಲ, ಗೋಡೆಗೆ ಹೋಗುವ ಪ್ರಿಂಟಿಗೆ ಮಾತ್ರ.

ನಿಮ್ಮದು ಬೆಳಕನ್ನು ಚದುರಿಸಿ ಬಿಡುವ ಡಿಫ್ಯೂಷನ್ ಹೆಡ್ ಇರುವ ಎನ್ಲಾರ್ಜರ್ ಆದರೆ ಮೊದಲು ಏನೂ ಹಚ್ಚದೆ ಪ್ರಿಂಟ್ ತೆಗೆದು ನೋಡಿ. ಎಲ್ಲ ದಿಕ್ಕಿನಿಂದ ಬರುವ ಬೆಳಕಿಗೆ ಸಣ್ಣ ಗೀರು ಅರ್ಧ ಅಡಗಿರುತ್ತದೆ. ನನ್ನದು ಬೆಳಕನ್ನು ಲೆನ್ಸಿನತ್ತ ಕೂಡಿಸಿ ಕಳಿಸುವ ಕಂಡೆನ್ಸರ್, ಇದ್ದ ಗೀರನ್ನೆಲ್ಲ ಎತ್ತಿ ತೋರಿಸುವ ಜಾತಿ.

ಕೊಳ್ಳುವಾಗ ಪರಿಮಳ, ಅಲೋವೆರಾ, ಕೋಕೋ ಬೆರೆಸಿದ್ದನ್ನು ಬಿಡಿ. ಬರೀ ಪೆಟ್ರೋಲಿಯಂ ಜೆಲ್ಲಿಯ ಅತಿ ಚಿಕ್ಕ ಡಬ್ಬಿ ಸಾಕು, ಡಾರ್ಕ್‌ರೂಮಿಗೆಂದೇ ಬೇರೆ ಇಟ್ಟುಕೊಳ್ಳಿ. ಮನೆಯವರ ಡಬ್ಬಿಯಲ್ಲಿ ಕುಂಕುಮದ ಪುಡಿ ಬಿದ್ದಿರುತ್ತದೆ.