ಪಿಕಪ್ ಮೂತಿ ಎಷ್ಟು ಎತ್ತಬೇಕು? ಸ್ಪೇಸರ್, ಸ್ಪ್ರಿಂಗ್, ಮತ್ತೆ ಮೂರು ಅಳತೆಯ ಟೈರ್

ಖಾಲಿ ಪಿಕಪ್ ನಿಂತಾಗ ಮೂತಿ ತಗ್ಗಿ, ಹಿಂಭಾಗ ಎದ್ದಿರುತ್ತದೆ. ಡೆಕ್‌ಗೆ ಲೋಡ್ ಬಿದ್ದಾಗ ಹಿಂದಿನ ಬ್ಲೇಡ್ ಸೆಟ್ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಕೂರುತ್ತದಲ್ವಾ, ಆಗ ಗಾಡಿ ಸಮ ಬರಲಿ ಅಂತಲೇ ಕಂಪನಿಯವರು ಹಾಗೆ ಇಟ್ಟಿರುತ್ತಾರೆ. ಇದನ್ನು ಮರೆತು ಖಾಲಿ ಗಾಡಿಯ ಅಂದ ನೋಡಿ ಮೂತಿ ಎತ್ತಿಸುವವರು ಮಂಡ್ಯ, ಮೈಸೂರು ಕಡೆ ಈಗ ಜಾಸ್ತಿ ಆಗಿದ್ದಾರೆ. ನಾನೂ ಎತ್ತಿಸಿದ್ದೇನೆ. ಆದರೆ ಪ್ರತಿ ಸಲ ಟೇಪ್ ಹಿಡಿದು ಅಳೆದಿದ್ದೇನೆ. ಲೋಡ್ ಹಾಕಿ ಒಂದು ಸಲ, ತೆಗೆದು ಒಂದು ಸಲ.

ನನ್ನದು ಇಸುಝು ವಿ-ಕ್ರಾಸ್. ಮುಂದೆ ಡಬಲ್ ವಿಶ್‌ಬೋನ್ (ಗಾಲಿಯನ್ನು ಹಿಡಿಯುವ ಮೇಲೊಂದು, ಕೆಳಗೊಂದು ಆರ್ಮ್) ಮತ್ತು ಕಾಯಿಲ್ ಸ್ಪ್ರಿಂಗ್, ಹಿಂದೆ ಗಟ್ಟಿ ಆಕ್ಸಲ್ ಮತ್ತು ಬ್ಲೇಡ್ ಸೆಟ್. ಟೈರ್ 255/60 ಆರ್18, ಅಂದರೆ ಅಗಲ 255 ಮಿ.ಮೀ., ಪಕ್ಕದ ಗೋಡೆ ಅಗಲದ ಶೇ. 60, ರಿಮ್ 18 ಇಂಚು. ಓಡಾಟ ಪಾಂಡವಪುರದ ಕಡೆ, ವಿ.ಸಿ. ನಾಲೆ ಏರಿ ಮೇಲೆ, ಗದ್ದೆ ದಾರಿಯಲ್ಲಿ. ವಾರಕ್ಕೊಮ್ಮೆ ಮೈಸೂರು ಹೈವೇ. ಏರಿಯಿಂದ ಗದ್ದೆಗೆ ಇಳಿಯುವಾಗ ಮುಂದಿನ ಬಂಪರ್ ನೆಲಕ್ಕೆ ಉಜ್ಜುತ್ತಿತ್ತು. ಎತ್ತಿಸುವುದಕ್ಕೆ ಕಾರಣ ಅದೇ.

ಅಳತೆಗೆ ಒಂದೇ ಲೋಡ್ ಇಟ್ಟುಕೊಂಡೆ: ನಾಲ್ಕು ಮೂಟೆ ಡಿಎಪಿ ಗೊಬ್ಬರ, ಅಂದರೆ 200 ಕೆಜಿ. ಗಾಲಿಯ ನಡುವಿನಿಂದ ಮಡ್ಗಾರ್ಡ್ ಅಂಚಿನವರೆಗೆ ಅಳೆದರೆ, ಖಾಲಿ ಗಾಡಿಯಲ್ಲಿ ಮುಂದಿಗಿಂತ ಹಿಂದೆ 45 ಮಿ.ಮೀ. ಎತ್ತರ. ಮೂಟೆ ಹಾಕಿದ ಮೇಲೆ ಹಿಂಭಾಗ 30 ಮಿ.ಮೀ. ಕೂತು, ವ್ಯತ್ಯಾಸ 15ಕ್ಕೆ ಬಂತು. ಮುಂದಿನ ಎಲ್ಲ ಲೆಕ್ಕವೂ ಇದರ ಮೇಲೆಯೇ ನಿಂತಿದೆ.

ಮೊದಲು ಸ್ಪೇಸರ್. ಮುಂದಿನ ಶಾಕ್ (ತೂಗಾಟ ತಡೆಯುವ ಶಾಕ್ ಅಬ್ಸಾರ್ಬರ್) ಮತ್ತು ಸ್ಪ್ರಿಂಗ್ ಜೋಡಿಯ ತಲೆ ಮೇಲೆ, ಚಾಸಿಗೆ ಬೋಲ್ಟ್ ಆಗುವ ಜಾಗದಲ್ಲಿ ಒಂದು ದಪ್ಪ ಬಿಲ್ಲೆ ಕೂರಿಸುತ್ತಾರೆ. ಬಿಲ್ಲೆಯ ದಪ್ಪಕ್ಕಿಂತ ಗಾಡಿ ಜಾಸ್ತಿ ಏಳುತ್ತದೆ, ಏಕೆಂದರೆ ಶಾಕ್ ಕೂತಿರುವುದು ಕೆಳಗಿನ ಆರ್ಮ್‌ನ ನಡುವೆ, ಗಾಲಿ ಇರುವುದು ಅದರ ತುದಿಯಲ್ಲಿ. ನನ್ನದು 40 ಮಿ.ಮೀ. ಎದ್ದಿತು. ಖರ್ಚು ಕಡಿಮೆ, ಅರ್ಧ ದಿನದ ಕೆಲಸ. ಸ್ಪ್ರಿಂಗ್ ಬದಲಾಗಿಲ್ಲವಾದ್ದರಿಂದ ಸಣ್ಣಪುಟ್ಟ ಗುಂಡಿಗಳಲ್ಲಿ ಗಾಡಿ ಮೊದಲಿನ ಹಾಗೇ ಮೆತ್ತಗೆ ಓಡುತ್ತದೆ. ಬಂಪರ್ ಉಜ್ಜುವುದೂ ನಿಂತಿತು.

ತೊಂದರೆ ಇರುವುದು ಎರಡು ಕಡೆ. ಹಂಪ್ ದಾಟಿ ಗಾಲಿ ಕೆಳಗೆ ಜೋತಾಗ, ಶಾಕ್ ಮೊದಲಿಗಿಂತ ಕೆಳಕ್ಕೆ ಇಳಿದಿರುವುದರಿಂದ ಆರ್ಮ್‌ಗಳೂ ಅಷ್ಟೇ ಕೆಳಗೆ ಹೋಗುತ್ತವೆ. ಆರ್ಮ್ ತುದಿಯ ಬಾಲ್ ಜಾಯಿಂಟ್ ಮತ್ತು ಗಾಲಿ ತಿರುಗಿಸುವ ಡ್ರೈವ್ ಶಾಫ್ಟ್ ಜಾಸ್ತಿ ಓರೆಯಾಗಿ ಕೆಲಸ ಮಾಡುತ್ತವೆ. ಗುಂಡಿಗೆ ಜೋರಾಗಿ ಬಿದ್ದರೆ ಆರ್ಮ್ ಅತಿಯಾಗಿ ಮೇಲೇಳದಂತೆ ತಡೆಯುವ ರಬ್ಬರ್ ಬಂಪ್ ಸ್ಟಾಪ್ ಮುಟ್ಟುವ ಮೊದಲೇ ಶಾಕ್ ತಳ ಹೊಡೆಯಬಹುದು. ಎರಡನೆಯದು ಲೋಡ್. ಖಾಲಿ ಇದ್ದಾಗ ಹಿಂದೆ ಬರೀ 5 ಮಿ.ಮೀ. ಎತ್ತರ, ನೋಡೋಕೆ ಚೆಂದ. ನಾಲ್ಕು ಮೂಟೆ ಹಾಕಿದರೆ ಹಿಂಭಾಗವೇ 25 ಮಿ.ಮೀ. ತಗ್ಗು. ಸ್ಟೀರಿಂಗ್ ಹಗುರ ಅನ್ನಿಸುತ್ತದೆ. ರಾತ್ರಿ ಹೆಡ್‌ಲೈಟ್ ಎದುರಿನವರ ಕಣ್ಣಿಗೇ ಹೊಡೆಯುತ್ತದೆ. ನಮ್ಮ ಕಡೆ ರಾತ್ರಿ ಹೊತ್ತು ಎದುರಿಗೆ ಬರುವವರಲ್ಲಿ ಬೈಕ್‌ನವರೇ ಜಾಸ್ತಿ. ಇದೊಂದೇ ಕಾರಣಕ್ಕೆ ಲೋಡ್ ಹೊರುವ ಗಾಡಿಗೆ ಪೂರ್ತಿ ಸಮ ಮಾಡುವ ಸ್ಪೇಸರ್ ಬೇಡ ಅನ್ನುತ್ತೇನೆ.

ಸ್ಪ್ರಿಂಗ್ ಮೇಲೆ ಇಟ್ಟು ಅದನ್ನು ಅದುಮುವ ಇನ್ನೊಂದು ಬಗೆಯ ಸ್ಪೇಸರ್ ಬರುತ್ತದೆ. ಅದು ಸ್ಪ್ರಿಂಗನ್ನು ಮೊದಲೇ ಬಿಗಿ ಮಾಡಿಬಿಡುತ್ತದೆ. ಗಾಲಿ ಕೆಳಗೆ ಜೋಲಲು ಜಾಗ ಕಡಿಮೆಯಾಗಿ ಹಂಪ್ ಇಳಿದಾಗೆಲ್ಲ ಟಣ್ ಅಂತ ಸದ್ದು. ಸ್ನೇಹಿತರ ಗಾಡಿಯಲ್ಲಿ ಓಡಿಸಿ ನೋಡಿ ಅಲ್ಲಿಗೇ ಬಿಟ್ಟೆ.

ಈಗ ಇರುವುದು ಹೊಸ ಸ್ಪ್ರಿಂಗ್ ಮತ್ತು ಅದಕ್ಕೆ ಹೊಂದುವ ಶಾಕ್. ಸ್ಪೇಸರ್‌ಗೆ ಹೋಲಿಸಿದರೆ ಖರ್ಚು ಹಲವು ಪಟ್ಟು. ಕಬ್ಬಿಣದ ಬಂಪರ್, ವಿಂಚ್ ಹಾಕಿದವರಿಗೆ ಗಟ್ಟಿ ಸ್ಪ್ರಿಂಗ್ ಬೇರೆ ಇದೆ. ನನ್ನದು ಮಾಮೂಲಿ ಬಂಪರ್, ಹಾಗಾಗಿ ಮೆತ್ತನೆಯದನ್ನೇ ಕೇಳಿ ಹಾಕಿಸಿದೆ. ಎದ್ದಿದ್ದು 25 ಮಿ.ಮೀ. ಮಾತ್ರ. ಖಾಲಿ ಇದ್ದಾಗ ಹಿಂಭಾಗ ಇನ್ನೂ 20 ಎತ್ತರ, ಲೋಡ್ ಹಾಕಿದಾಗ 10 ತಗ್ಗು. ಅಂದಕ್ಕೆ ಅಷ್ಟು ಸಾಲದು ಅನ್ನುವವರಿದ್ದಾರೆ. ಆದರೆ ನಾಲೆ ಏರಿ ಮೇಲಿನ ಉಬ್ಬುತಗ್ಗಲ್ಲಿ ಗಾಡಿ ಒಂದು ಸಲ ಎದ್ದು ಕೂತರೆ ಮುಗಿಯಿತು, ಮತ್ತೆ ತೂಗಾಡುವುದಿಲ್ಲ. ಈ ಹಿಡಿತ ಸ್ಪೇಸರ್ ಕೊಡಲಿಲ್ಲ, ಕೊಡುವುದಕ್ಕೂ ಆಗುವುದಿಲ್ಲ. ಶಾಕ್ ಹಳೆಯದೇ ಅಲ್ವಾ?

ಹಿಂದೆ ಒಂದು ಬ್ಲೇಡ್ ಸೇರಿಸಿದರೆ ಲೋಡ್‌ಗೆ ಕೂರುವುದಿಲ್ಲ, ನಿಜ. ಭಾವನ ಗಾಡಿಗೆ ಹಾಗೆ ಮಾಡಿಸಿದ್ದಾರೆ. ಖಾಲಿ ಇದ್ದಾಗ ಹಿಂದಿನ ಸೀಟಲ್ಲಿ ಅಮ್ಮನನ್ನು ಕೂರಿಸಿಕೊಂಡು ಹೋಗುವ ಹಾಗಿಲ್ಲ, ಅಷ್ಟು ಕುಲುಕುತ್ತದೆ.

ಯಾವುದನ್ನೇ ಹಾಕಿಸಿ, ಅವತ್ತೇ ವೀಲ್ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟ್ ಇಳಿಸಿ. ಎತ್ತರ ಬದಲಾದರೆ ಗಾಲಿಯ ಓರೆಯೂ ಬದಲಾಗುತ್ತದೆ. ಸುಮ್ನೆ ಓಡಿಸಿದರೆ ಟೈರ್ ಒಂದೇ ಅಂಚಲ್ಲಿ ಸವೆಯುತ್ತದೆ.

ಇನ್ನು ಟೈರ್. ಇಲ್ಲಿ ಬಹಳ ಜನ ಗಮನಿಸದ ಒಂದು ವಿಷಯ ಇದೆ. ಸ್ಪೇಸರ್ ಆಗಲಿ, ಸ್ಪ್ರಿಂಗ್ ಆಗಲಿ, ಎತ್ತುವುದು ಚಾಸಿಯನ್ನು ಮಾತ್ರ. ಹಿಂದಿನ ಆಕ್ಸಲ್‌ನ ಹೌಸಿಂಗ್ (ಗೇರ್‌ಗಳಿರುವ ನಡುವಿನ ಗುಂಡು) ಇದ್ದಲ್ಲೇ ಇರುತ್ತದೆ. ಕಬ್ಬು ಸಾಗಿಸುವ ಕಾಲದಲ್ಲಿ ಟ್ರ್ಯಾಕ್ಟರ್ ಗಾಲಿ ಜಾಡು ಆಳ ಬಿದ್ದು ನಡುವೆ ದಿಣ್ಣೆ ಉಳಿಯುತ್ತದೆ. ಅದಕ್ಕೆ ತಗಲುವುದು ಹೌಸಿಂಗೇ. ಅದನ್ನು ಮೇಲೆತ್ತಲು ದೊಡ್ಡ ಟೈರ್ ಒಂದೇ ದಾರಿ.

ಕಂಪನಿ ಅಳತೆ 255/60 ಆರ್18ರ ಒಟ್ಟು ಎತ್ತರ 763 ಮಿ.ಮೀ. 265/60 ಆರ್18 ಹಾಕಿದರೆ 775, ಅಂದರೆ ಆಕ್ಸಲ್ ಏಳುವುದು ಬರೀ 6 ಮಿ.ಮೀ. 265/65 ಆರ್18ಕ್ಕೆ ಹೋದರೆ 802, ಆಕ್ಸಲ್ 19 ಮಿ.ಮೀ. ಮೇಲೆ. ಕಾಗದದ ಮೇಲೆ ದೊಡ್ಡದೇ ಗೆಲ್ಲುತ್ತದೆ. ಭಾವನ ಸೆಟ್ ಹಾಕಿ ಓಡಿಸಿದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಒಳಗಿನ ಪ್ಲಾಸ್ಟಿಕ್‌ಗೆ ಉಜ್ಜುತ್ತದೆ. ಸುತ್ತಳತೆ ಶೇ. 5ರಷ್ಟು ಜಾಸ್ತಿಯಾದ್ದರಿಂದ ಪ್ರತಿ ಗೇರಿನಲ್ಲೂ ಎಳೆತ ಅಷ್ಟು ಕಮ್ಮಿಯಾದ ಹಾಗಾಗುತ್ತದೆ. ಮೇಲುಕೋಟೆ ಏರುವಾಗ ಒಂದು ಗೇರ್ ಇಳಿಸಿಯೇ ಹೋಗಬೇಕು. ಮೀಟರ್ ಮೊದಲು 80 ತೋರಿಸುತ್ತಿದ್ದ ವೇಗದಲ್ಲಿ ಈಗ 76 ತೋರಿಸುತ್ತದೆ. ಕಿಲೋಮೀಟರ್ ಲೆಕ್ಕವೂ ಕಮ್ಮಿ ಬೀಳುವುದರಿಂದ ಮೈಲೇಜ್ ನಿಜಕ್ಕಿಂತ ಕೆಟ್ಟದಾಗಿ ಕಾಣುತ್ತದೆ.

ನಾನು ಉಳಿಸಿಕೊಂಡಿದ್ದು 265/60 ಆರ್18 ಆಲ್ ಟೆರೇನ್. ಟೊಯೋಟಾ ಹೈಲಕ್ಸ್‌ನ ಮೇಲಿನ ಮಾಡೆಲ್‌ಗೆ ಬರುವ ಅಳತೆಯೂ ಇದೇ, ಹಾಗಾಗಿ ಸಿಗುವುದು ಸುಲಭ. ಎಲ್ಲೂ ಉಜ್ಜುವುದಿಲ್ಲ, ಮೀಟರ್ ವ್ಯತ್ಯಾಸ ಶೇ. 2ಕ್ಕಿಂತ ಕಮ್ಮಿ. ಹೈವೇಯಲ್ಲಿ ಕಂಪನಿ ಟೈರ್‌ಗಿಂತ ಸದ್ದು ಜಾಸ್ತಿ, ಅದು ನಿಜ. ಆದರೆ ನೀರು ಬಿಟ್ಟ ಗದ್ದೆ ಬದಿಯ ಕೆಸರಲ್ಲಿ ಹಿಡಿತ ಬರುವುದು ಆ ಆರು ಮಿಲಿಮೀಟರ್‌ನಿಂದಲ್ಲ, ಟೈರಿನ ಕಚ್ಚಿನಿಂದ. ದಿಣ್ಣೆ ಇರುವಲ್ಲಿ ಒಂದು ಗಾಲಿಯನ್ನು ದಿಣ್ಣೆ ಮೇಲೇ ಹತ್ತಿಸಿ ಓಡಿಸುತ್ತೇನೆ.

ಸ್ಟೆಪ್ನಿಯನ್ನೂ ಸೇರಿಸಿ ಐದೂ ಒಂದೇ ಅಳತೆಯದು ತೆಗೆದುಕೊಳ್ಳಿ. ಒಂದು ಗಾಲಿ ಬೇರೆ ಅಳತೆಯದಾಗಿದ್ದು ಫೋರ್ ವೀಲ್ ಹಾಕಿದರೆ ಒಳಗಿನ ಗೇರ್‌ಗಳು ಬಿಗಿಯುತ್ತವೆ. ಕೊಳ್ಳುವ ಮೊದಲು ಲೋಡ್ ಇಂಡೆಕ್ಸ್ (ಟೈರ್ ಎಷ್ಟು ತೂಕ ಹೊರುತ್ತದೆ ಅನ್ನುವ ಅಂಕಿ) ನೋಡಿ, ಕಂಪನಿ ಟೈರ್‌ಗಿಂತ ಕಡಿಮೆ ಇರಬಾರದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮಾರ್ಪಾಡಿಗೆ ಮಿತಿ ಹಾಕಿರುವುದರಿಂದ, ಇನ್ಶೂರೆನ್ಸ್‌ನವರನ್ನೂ ಮೊದಲೇ ಕೇಳಿಬಿಡಿ. ಕೆಸರಿಗೆ ಇಳಿಯುವ ಮುಂಚೆ ಗಾಳಿ ಸ್ವಲ್ಪ ಬಿಡುತ್ತೇನೆ. ಆದರೆ ಹೈವೇ ಹತ್ತುವ ಮೊದಲು ಮತ್ತೆ ತುಂಬಿಸಲೇಬೇಕು. ಕಮ್ಮಿ ಗಾಳಿಯಲ್ಲಿ ಜೋರಾಗಿ ಓಡಿಸಿದರೆ ಟೈರ್ ಕಾದು ಒಡೆಯುತ್ತದೆ.