ಆರು ಕುರ್ಚಿ, ಐದು ನಮೂನೆ, ಒಂದು ಟೇಬಲ್: ಐದು ವರ್ಷದ ಬಳಕೆಯ ನಂತರ

ಊಟದ ಟೇಬಲ್ ಸುತ್ತ ಬೇರೆ ಬೇರೆ ನಮೂನೆಯ ಕುರ್ಚಿ ಇಡುವುದು ಈಗ ಫ್ಯಾಷನ್ ಅಂತೆ. ನಮ್ಮ ಮನೆಯಲ್ಲಿ ಅದು ಶುರುವಾಗಿದ್ದು ಸೆಟ್ಟಿನ ಕುರ್ಚಿ ಮುರಿದಾಗ. ಐದು ವರ್ಷ ಆಯಿತು. ದಿನಕ್ಕೆ ಮೂರು ಹೊತ್ತು ಐದು ಜನ ಕೂರುತ್ತೇವೆ, ಹಬ್ಬ ಬಂದರೆ ಲೆಕ್ಕ ಇಲ್ಲ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಸ್ಟಾರ್ ಯಾಕೆ ಕಡಿಮೆ ಅಂತ ಮುಂದೆ ಹೇಳುತ್ತೇನೆ.

ನಾವಿರುವುದು ಬಾಗಲಕೋಟೆಯ ನವನಗರದಲ್ಲಿ. ಅತ್ತೆಯವರ ಮನೆ ಹಳೇ ಊರಿನಲ್ಲಿತ್ತು. ಆಲಮಟ್ಟಿ ಅಣೆಕಟ್ಟಿನಲ್ಲಿ 519.6 ಮೀಟರ್‌ವರೆಗೆ ನೀರು ನಿಲ್ಲಿಸಿದಾಗ ಘಟಪ್ರಭೆಯ ದಂಡೆಯ ಬಹಳಷ್ಟು ಮನೆಗಳು ಹೋದವಲ್ಲ, ಅದರಲ್ಲಿ ಇದೂ ಒಂದು. ಮನೆ ಬಿಡುವಾಗ ಮಾವನವರು ಬಾಗಿಲು, ಚೌಕಟ್ಟು, ತೊಲೆ ಎಲ್ಲ ಬಿಚ್ಚಿ ಲಾರಿಗೆ ಹಾಕಿಸಿದ್ದರಂತೆ. ಅದರಲ್ಲಿ ಒಂದು ಸಾಗವಾನಿ ಬಾಗಿಲು ಈಗ ನಮ್ಮ ಊಟದ ಟೇಬಲ್. ಐದು ಅಡಿ ಉದ್ದ, ಮೂರು ಅಡಿ ಅಗಲ, ಮೂವತ್ತು ಇಂಚು ಎತ್ತರ. ಒಂದು ಮೂಲೆಯಲ್ಲಿ ಹಳೇ ಅಗಳಿಯ ತೂತು ಹಾಗೇ ಇದೆ. ಮಕ್ಕಳು ಅದರಲ್ಲಿ ಬೇಡವಾದ ಕರಿಬೇವು ತುರುಕುತ್ತಾರೆ.

ಮಾವನವರು ಇರುವ ತನಕ ಅದು ಲೆಕ್ಕಪತ್ರ ಬರೆಯುವ ಟೇಬಲ್ ಆಗಿತ್ತು. ಊಟ ನೆಲದ ಮೇಲೆ, ಮಣೆ ಹಾಕಿ, ಅಡ್ಡಣಿಗೆಯ ಮೇಲೆ ತಟ್ಟೆ ಇಟ್ಟು. ಆಮೇಲೆ ಅತ್ತೆಗೆ ಮೊಣಕಾಲು ನೋವು ಶುರುವಾಯಿತು. ಕೆಳಗೆ ಕೂತರೆ ಏಳಲು ಇಬ್ಬರು ಹಿಡಿಯಬೇಕು. ಹಾಗಾಗಿ ಟೇಬಲ್ ಅಡುಗೆಮನೆಯ ಪಕ್ಕಕ್ಕೆ ಬಂತು, ನಾವು ಒಂದು ಶೋರೂಮಿನಿಂದ ಆರು ಕುರ್ಚಿಯ ಸೆಟ್ ತಂದೆವು. ರಬ್ಬರ್ ಮರದ್ದು. ರಬ್ಬರ್ ಮರ ಕೆಟ್ಟದ್ದೇನಲ್ಲ. ಹಾಲು ಕೊಡುವುದು ನಿಂತ ಮೇಲೆ ಕಡಿಯುವ ಮರ ಅದು. ಹುಳ ಹತ್ತದಂತೆ ಔಷಧಿ ಹಾಕಿ, ಒಣಗಿಸಿ ಬಳಸುತ್ತಾರೆ. ನಮ್ಮ ಸೆಟ್ಟಿನ ಸಮಸ್ಯೆ ಜೋಡಣೆಯದು. ಸೀಟಿನ ಚೌಕಟ್ಟು ಹಿಂದಿನ ಕಾಲಿಗೆ ಸೇರುವ ಜಾಗದಲ್ಲಿ ಎರಡು ಸಣ್ಣ ಮರದ ಗೂಟ, ಸ್ವಲ್ಪ ಅಂಟು, ಅಷ್ಟೇ. ಏಪ್ರಿಲ್, ಮೇ ತಿಂಗಳ ನಮ್ಮೂರ ಬಿಸಿಲಿಗೆ ಕಟ್ಟಿಗೆ ಒಣಗಿ ಕುಗ್ಗುತ್ತದೆ, ಮಳೆಗಾಲದಲ್ಲಿ ಮತ್ತೆ ಉಬ್ಬುತ್ತದೆ. ಹೀಗೆ ಎರಡು ವರ್ಷ ಆಡಿದ ಮೇಲೆ ಅಂಟು ಬಿಟ್ಟಿತು. ನಮ್ಮ ಮನೆಯವರಿಗೆ ಊಟ ಮುಗಿದ ಮೇಲೆ ಹಿಂದಿನ ಎರಡು ಕಾಲಿನ ಮೇಲೆ ವಾಲಿ ಕೂರುವ ಚಟ ಬೇರೆ. ಮೊದಲು ಅವರ ಕುರ್ಚಿಯೇ ಹೋಯಿತು.

ಅಂಗಡಿಗೆ ಫೋನ್ ಮಾಡಿದರೆ ಆ ಮಾಡೆಲ್ ಈಗ ಬರುವುದಿಲ್ಲ, ಬಿಡಿ ಕುರ್ಚಿ ಸಿಗುವುದಿಲ್ಲ, ಬೇಕಿದ್ದರೆ ಹೊಸ ಸೆಟ್ ತಗೊಳ್ಳಿ ಅಂದರು. ಒಂದು ಮುರಿದದ್ದಕ್ಕೆ ಆರು ತರಬೇಕಾ? ಅವತ್ತೇ ಸೆಟ್ಟಿನ ಆಸೆ ಬಿಟ್ಟೆ. ಒಂದು ವರ್ಷದಲ್ಲಿ ಇನ್ನೂ ಮೂರು ಹೋದವು. ಒಂದೊಂದು ಹೋದ ಹಾಗೆ ಒಂದೊಂದು ಬಂತು.

ಮೊದಲು ಬಂದದ್ದು ಅಟ್ಟದ ಮೇಲಿದ್ದ ಅಜ್ಜನ ಕೈಕುರ್ಚಿ. ಸಾಗವಾನಿ, ಬೆತ್ತದ ಸೀಟು. ಇಷ್ಟು ವರ್ಷ ಬಿದ್ದಿದ್ದರೂ ಗೆದ್ದಲು ಮುಟ್ಟಿರಲಿಲ್ಲ. ಬೆತ್ತ ಮಾತ್ರ ಜೋತು ಬಿದ್ದಿತ್ತು. ಇಲ್ಲಿ ಒಂದು ಉಪಾಯ ಹೇಳುತ್ತೇನೆ, ಅಸಲಿ ಬೆತ್ತ ಇದ್ದವರು ಮಾಡಿ ನೋಡಿ. ಕುರ್ಚಿ ತಲೆಕೆಳಗೆ ಮಾಡಿ, ಹೆಣಿಗೆಯ ಕೆಳಭಾಗಕ್ಕೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಹಾಕಿ ಚೆನ್ನಾಗಿ ನೆನೆಸಬೇಕು. ಆಮೇಲೆ ಯಾರೂ ಕೂರದೆ ಒಂದು ದಿನ ನೆರಳಿನಲ್ಲಿ ಒಣಗಬೇಕು. ಒಣಗುವಾಗ ಬೆತ್ತ ಬಿಗಿಯಾಗುತ್ತದೆ. ಎಳೆ ಹರಿದಿದ್ದರೆ ಇದರಿಂದ ಉಪಯೋಗ ಇಲ್ಲ, ಬರೀ ಜೋತಿದ್ದರೆ ಸಾಕಷ್ಟು ಸರಿಹೋಗುತ್ತದೆ. ನಮ್ಮದು ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ಮಗ ಅದರ ಮೇಲೆ ನಿಂತು ಫ್ಯಾನಿನ ಧೂಳು ಹೊಡೆಯಲು ಹೋಗಿ ನಡುವೆಯೇ ಇಳಿದುಹೋದ. ಈಗ ಪ್ಲಾಸ್ಟಿಕ್ ಬೆತ್ತ ಹೆಣೆಸಿದ್ದೇವೆ. ನೋಡಲು ಅಷ್ಟು ಚಂದ ಇಲ್ಲ. ಎಣ್ಣೆಗಾಯಿಯ ರಸ ಚೆಲ್ಲಿದರೆ ಒರೆಸಿದರೆ ಮುಗಿಯಿತು, ಅದೊಂದು ಸುಖ.

ಈ ಕುರ್ಚಿ ಅತ್ತೆಯದು. ಏಳುವಾಗ ಎರಡೂ ಕೈ ಊರಲು ಆಸರೆ ಇದೆ. ಮೊಣಕಾಲು ನೋವಿರುವ ಹಿರಿಯರು ಮನೆಯಲ್ಲಿದ್ದರೆ, ಉಳಿದ ಐದು ಹೇಗಾದರೂ ಇರಲಿ, ಒಂದಕ್ಕೆ ಕೈ ಇರಲಿ. ತೊಂದರೆಯೂ ಇದೆ. ಇದರ ಕೈ ನೆಲದಿಂದ ಇಪ್ಪತ್ತೇಳು ಇಂಚು. ನಮ್ಮ ಟೇಬಲ್ಲಿಗೆ ಹಲಗೆಯ ಕೆಳಗೆ ಸುತ್ತಲೂ ಒಂದು ಪಟ್ಟಿ ಇದೆ, ಅದರ ಕೆಳ ಅಂಚು ಇಪ್ಪತ್ತಾರೂವರೆ. ಅರ್ಧ ಇಂಚಿಗೆ ಕುರ್ಚಿ ಒಳಗೆ ಹೋಗುವುದಿಲ್ಲ. ಟೇಬಲ್ಲಿನ ತುದಿಯಲ್ಲಿ, ದಾರಿಗೆ ಅಡ್ಡವಾಗಿ ಸದಾ ಹೊರಗೇ ಇರುತ್ತದೆ. ರಾತ್ರಿ ನೀರು ಕುಡಿಯಲು ಎದ್ದವರೆಲ್ಲ ಕಾಲ್ಬೆರಳು ಜಜ್ಜಿಸಿಕೊಂಡಿದ್ದೇವೆ. ಕೈಕುರ್ಚಿ ತರುವ ಮೊದಲು ಆ ಪಟ್ಟಿ ಅಳೆಯಿರಿ.

ಎರಡನೆಯದು ಪುಣೆಯಲ್ಲಿರುವ ನಮ್ಮ ಸೋದರಮಾವ ಮನೆ ಬದಲಿಸುವಾಗ ಕೊಟ್ಟ ಬಾಗಿಸಿದ ಮರದ ಕುರ್ಚಿ. ಮುಂಬೈ, ಪುಣೆಯ ಹಳೇ ಇರಾನಿ ಹೋಟೆಲುಗಳಲ್ಲಿ ಇರುತ್ತದಲ್ಲ, ದುಂಡು ಸೀಟು, ಬೆನ್ನಿಗೆ ಕಮಾನು, ಅದು. ಇದರ ಮೂಲ ನಮೂನೆ 1859ರದು. ವಿಯೆನ್ನಾದ ಮೈಕೆಲ್ ಥೋನೆಟ್ ಎಂಬಾತನ ಕಂಪನಿಯದು, 14ನೇ ನಂಬರಿನ ಕುರ್ಚಿ ಅಂತಲೇ ಹೆಸರು. ಬೀಚ್ ಮರವನ್ನು ಹಬೆಯಲ್ಲಿ ಬೇಯಿಸಿ ಬಗ್ಗಿಸುತ್ತಿದ್ದರು. ಇಡೀ ಕುರ್ಚಿಗೆ ಆರು ತುಂಡು ಮರ, ಹತ್ತು ಸ್ಕ್ರೂ, ಎರಡು ನಟ್. ಬಿಚ್ಚಿಟ್ಟರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು. ನಮ್ಮದು ಅದರ ಯಾವುದೋ ಕಾಲದ ನಕಲು, ಬಸ್ಸಿನ ಮೇಲೆ ಹಗ್ಗ ಕಟ್ಟಿಕೊಂಡು ಬಂತು. ಹಗುರ ಅಂದರೆ ಹಗುರ, ಮಗಳು ಒಂದೇ ಕೈಯಲ್ಲಿ ಎತ್ತುತ್ತಾಳೆ. ಮೂರು ತಿಂಗಳಿಗೊಮ್ಮೆ ಸ್ಕ್ರೂ ಬಿಗಿ ಮಾಡಬೇಕು. ಮರೆತರೆ ಕೂತವರು ಪಕ್ಕಕ್ಕೆ ವಾಲುತ್ತಾರೆ. ಮತ್ತೆ, ಬೀಚ್ ಅಂದರೆ ಸಾಗವಾನಿಯಲ್ಲ. ತೇವದ ಗೋಡೆಗೆ ತಾಗಿಸಿ ಇಡಬೇಡಿ.

ಮೂರನೆಯದರಲ್ಲಿ ನಾನು ದುಡ್ಡು ಕಳೆದೆ. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಪೈಪಿನ ಕುರ್ಚಿ ಮಾಡಿಸಿ, ಸೀಟಿಗೂ ಬೆನ್ನಿಗೂ ಗುಳೇದಗುಡ್ಡದ ಖಣ ಹಾಕಿಸಿದೆ. ಕಡುಗೆಂಪು, ಹಸಿರು ಅಂಚು. ಮೊದಲ ದಿನ ಅದರ ಮೇಲೆ ಯಾರನ್ನೂ ಕೂರಲು ಬಿಡಲಿಲ್ಲ, ಅಷ್ಟು ಚಂದ ಇತ್ತು. ಎಂಟು ತಿಂಗಳಿಗೆ ಸೀಟಿನ ಮುಂದಿನ ಅಂಚಿನಲ್ಲಿ ಎಳೆ ಸರಿದು ಒಳಗಿನ ಫೋಮ್ ಕಂಡಿತು. ಖಣದ್ದೇನೂ ತಪ್ಪಿಲ್ಲ. ಕುಪ್ಪಸಕ್ಕೆ ಅಂತ ನೇಯ್ದ ನವಿರು ಬಟ್ಟೆ ಅದು. ಮೂಲೆಯಲ್ಲಿ ಎಳೆದು ಪಿನ್ ಹೊಡೆದು, ಮೇಲೆ ದಿನಕ್ಕೆ ಮೂರು ಸಲ ತಿಕ್ಕಿದರೆ ಎಷ್ಟು ದಿನ ತಡೆದೀತು? ಈಗ ಬೆನ್ನಿಗೆ ಮಾತ್ರ ಖಣ, ಸೀಟಿಗೆ ಹಳೇ ಜಮಖಾನೆಯ ತುಂಡು. ಬೆನ್ನಿನದು ಹೊಸದರ ಹಾಗೇ ಇದೆ.

ಆ ಕುರ್ಚಿಯ ಇನ್ನೊಂದು ಕಥೆ ಎತ್ತರದ್ದು. ಅಂಗಡಿಯವರು ಕಣ್ಣಳತೆಯಲ್ಲಿ ಮಾಡಿ ಹತ್ತೊಂಬತ್ತೂವರೆ ಇಂಚಿಗೆ ನಿಲ್ಲಿಸಿದ್ದರು. ಅದರಲ್ಲಿ ಕೂತವರು ತಟ್ಟೆಯನ್ನು ಮೇಲಿಂದ ನೋಡುತ್ತಿದ್ದರು. ಅಜ್ಜನ ಕುರ್ಚಿ ಬೆತ್ತ ಜೋತು ಹದಿನಾರೂವರೆ. ಅದರಲ್ಲಿ ಕೂತ ಅತ್ತೆಗೆ ಟೇಬಲ್ ಎದೆಮಟ್ಟ. ರೊಟ್ಟಿ ಮುರಿಯಲು ಮೊಣಕೈ ಎತ್ತಬೇಕಿತ್ತು. ಎದುರುಬದುರು ಕೂತರೆ ಒಬ್ಬರು ಕಟ್ಟೆ ಮೇಲೆ, ಒಬ್ಬರು ನೆಲದ ಮೇಲೆ ಕೂತ ಹಾಗೆ. ಕುರ್ಚಿಗಳು ಬೇರೆ ಬೇರೆ ಅಂತ ಮನಸ್ಸಿಗೆ ಚುಚ್ಚುತ್ತಿದೆ ಅಂದುಕೊಂಡು ನಾನು ಒಂದೇ ಬಣ್ಣ ಹಚ್ಚುವ ಯೋಚನೆಯಲ್ಲಿದ್ದೆ. ಬಡಿಗೇರ ಕಾಕಾ ಬಂದು ನೋಡಿ ನಕ್ಕರು. "ತಂಗೀ, ಬಣ್ಣ ಆಮ್ಯಾಲೆ. ಮೊದಲ ಟೇಪ್ ಹಿಡಿ."

ಟೇಪ್ ಹಿಡಿದೆವು. ಮೂವತ್ತು ಇಂಚಿನ ಟೇಬಲ್ಲಿಗೆ ಸೀಟು ಹದಿನೆಂಟರ ಸುತ್ತ ಇರಬೇಕು, ಅಂದರೆ ನಡುವೆ ಸುಮಾರು ಹನ್ನೆರಡು ಇಂಚು. ಕಬ್ಬಿಣದ ಕುರ್ಚಿಯ ಕಾಲು ಒಂದೂವರೆ ಇಂಚು ಕತ್ತರಿಸಿದೆವು. ಅಜ್ಜನ ಕುರ್ಚಿಯ ಕಾಲಿಗೆ ತುಂಡು ಸೇರಿಸಲು ಮನಸ್ಸಾಗಲಿಲ್ಲ. ಅತ್ತೆಯೇ ದಾರಿ ಹುಡುಕಿದರು. ಹಳೇ ಸೀರೆಗಳ ಚೂರು ಜೋಡಿಸಿ ದಪ್ಪನೆಯ ಕೌದಿ ಹೊಲಿದು, ಸೀಟಿನ ಅಳತೆಗೆ ಮಡಚಿ ಹಾಕಿದರು. ಕೂತ ಮೇಲೂ ಒಂದು ಇಂಚು ಏರುತ್ತದೆ. ಫೋಮಿನ ದಿಂಬಿನಂತೆ ಚಪ್ಪಟೆಯಾಗುವುದಿಲ್ಲ, ಕೊಳೆಯಾದರೆ ಒಗೆಯಬಹುದು. ಈಗ ಆರಕ್ಕೂ ಕೌದಿ ಇದೆ, ತಗ್ಗಿನ ಕುರ್ಚಿಗೆ ದಪ್ಪ, ಎತ್ತರದ್ದಕ್ಕೆ ತೆಳು. ಬಂದವರು ಕೌದಿಯಿಂದಲೇ ಎಲ್ಲ ಒಂದೇ ಸೆಟ್ ಅನಿಸುತ್ತದೆ ಅನ್ನುತ್ತಾರೆ. ನಾವು ಮಾಡಿದ್ದು ಎತ್ತರಕ್ಕೆ.

ಸೀಟು ಒಂದೇ ಮಟ್ಟಕ್ಕೆ ಬಂದ ದಿನದಿಂದ ಬಣ್ಣದ ಯೋಚನೆ ನನ್ನ ತಲೆಯಿಂದ ಹೋಯಿತು. ಉಳಿದ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ, ಮೈಗೆ ಗೊತ್ತಾಗುವುದಿಲ್ಲ. ಒಂದು ಮಾತ್ರ, ಬೆನ್ನಿನ ಎತ್ತರ ತೀರಾ ಹೆಚ್ಚುಕಡಿಮೆ ಇದ್ದರೆ ಒಂದೇ ಸಾಲಿನಲ್ಲಿ ಇಡಬೇಡಿ. ಹಲ್ಲು ಉದುರಿದ ಬಾಯಿ ಥರ ಕಾಣುತ್ತದೆ. ಎತ್ತರದ ಬೆನ್ನಿನವನ್ನು ಎರಡು ತುದಿಗೆ ಹಾಕಿ.

ನಾಲ್ಕನೆಯದನ್ನು ಕಾಕಾ ಅವರೇ ಹಳೇ ಮನೆಯ ಚೌಕಟ್ಟಿನ ಉಳಿಕೆಯಿಂದ ಮಾಡಿಕೊಟ್ಟರು. ಮರದೊಳಗಿದ್ದ ಹಳೇ ಮೊಳೆ ಬಡಿದು ಅವರ ಉಳಿಯ ಬಾಯಿ ಹೋಯಿತು, ಅದಕ್ಕೆ ನನಗೆ ಎರಡು ದಿನ ಬೈಗುಳ. ಒಂದು ಕಟ್ಟಿಗೆಯ ತುದಿ ಇನ್ನೊಂದರ ತೂತಿನೊಳಗೆ ಪೂರ್ತಿ ಕೂರುವ ಜೋಡಣೆ. ಮೂರು ಬೇಸಿಗೆ ಕಳೆದರೂ ಕಿರ್ರ್ ಅಂದಿಲ್ಲ. ಅಳತೆಯಲ್ಲಿ ಎಲ್ಲಕ್ಕಿಂತ ಸರಿಯಾದ ಕುರ್ಚಿ ಇದೇ. ಆದರೆ ಮೊದಮೊದಲು ಯಾರೂ ಕೂರುತ್ತಿರಲಿಲ್ಲ. ಎಳೆಯಲು ಅಷ್ಟು ಭಾರ! ಈಗ ಅದು ನಮ್ಮ ಮನೆಯವರದು. ಅದರಲ್ಲಿ ಹಿಂದಕ್ಕೆ ವಾಲಲು ಅವರಿಂದ ಆಗುವುದಿಲ್ಲ.

ಸೆಟ್ಟಿನಲ್ಲಿ ಉಳಿದ ಎರಡು ರಬ್ಬರ್ ಮರದವಕ್ಕೆ ಮುಂಚಿತವಾಗಿಯೇ ಜೋಡಣೆ ಬಿಚ್ಚಿ, ಹಳೇ ಅಂಟು ಕೆರೆದು, ಹೊಸ ಅಂಟು ಹಾಕಿ, ಒಳಮೂಲೆಗೆ ಮರದ ತುಂಡು ಕೂರಿಸಿದ್ದೇವೆ. ಹಳೇ ಅಂಟಿನ ಮೇಲೇ ಫೆವಿಕಾಲ್ ಸುರಿದರೆ ಹಿಡಿಯುವುದಿಲ್ಲ, ಕೆರೆಯಲೇಬೇಕು.

ಈಗ ಆ ಒಂದು ಸ್ಟಾರ್ ವಿಷಯ. ಮೊದಲನೆಯದು ಜಾಗ. ಊಟಕ್ಕೆ ಒಬ್ಬರಿಗೆ ಎರಡು ಅಡಿ ಬೇಕು. ಐದು ಅಡಿ ಟೇಬಲ್ಲಿನ ಒಂದು ಬದಿಗೆ ಇಬ್ಬರು ಹಿಡಿಯಬೇಕು, ಆದರೆ ಕಾಲುಗಳ ನಡುವೆ ಸಿಗುವುದು ನಾಲ್ಕು ಅಡಿ ಚಿಲ್ಲರೆ. ಕಾಕಾ ಮಾಡಿದ ಕುರ್ಚಿ ಮತ್ತು ಕಬ್ಬಿಣದ್ದು ಒಂದೇ ಬದಿಗೆ ಬಂದರೆ ಮೊಣಕೈ ಜಗಳ. ಹಾಗಾಗಿ ಅಗಲದ್ದರ ಪಕ್ಕ ದುಂಡು ಸೀಟಿನದು ಇಡಬೇಕು. ಕಸ ಗುಡಿಸಿ ಯಾರಾದರೂ ಕುರ್ಚಿ ಅದಲುಬದಲು ಮಾಡಿದರೆ ರಾತ್ರಿ ಊಟದ ಹೊತ್ತಿಗೆ ಮತ್ತೆ ಜೋಡಿಸುವ ಕೆಲಸ. ಸೆಟ್ಟಿನಲ್ಲಿ ಈ ತಲೆನೋವಿಲ್ಲ. ಎರಡನೆಯದು ಸದ್ದು. ನಮ್ಮದು ಶಹಾಬಾದ್ ಪರ್ಸಿಯ, ಅಂದರೆ ಕಲ್ಲುಹಾಸಿನ ನೆಲ. ಕಬ್ಬಿಣದ ಕುರ್ಚಿ ಎಳೆದರೆ ಪಕ್ಕದ ಮನೆಯವರಿಗೆ ನಮ್ಮ ಊಟದ ಟೈಮ್ ಗೊತ್ತಾಗುತ್ತದೆ. ಕಾಲಿಗೆ ರಬ್ಬರ್ ಬುಷ್ ಹಾಕಿದ್ದೇವೆ, ಆರು ತಿಂಗಳಿಗೊಮ್ಮೆ ಸವೆದು ತೂತಾಗುತ್ತದೆ. ಮೂರನೆಯದು, ಐದು ನಮೂನೆಗೆ ಐದು ರೀತಿಯ ಆರೈಕೆ. ಒಂದಕ್ಕೆ ಸ್ಕ್ರೂ, ಒಂದಕ್ಕೆ ಅಂಟು, ಒಂದಕ್ಕೆ ಬುಷ್. ಇದರ ಗೊಡವೆ ಬೇಡ ಅನ್ನುವವರು ಸುಮ್ನೆ ಸೆಟ್ ತಗೊಳ್ಳಿ, ಆದರೆ ಎಂಟು ಕುರ್ಚಿ ತಗೊಂಡು ಎರಡನ್ನು ಅಟ್ಟದಲ್ಲಿ ಇಡಿ.

ಬಂದವರ ಮಾತೂ ಕೇಳಬೇಕಾಗುತ್ತದೆ. ನಮ್ಮ ಮನೆಯವರ ಸೋದರತ್ತೆ ಮೊದಲ ಸಲ ನೋಡಿದಾಗ, "ಯಾಕವಾ, ಯಾರ್ಯಾರ ಮನ್ಯಾಂದು ಹೊತ್ತ ತಂದೀರಿ?" ಅಂದಿದ್ದರು. ಖರೇ ಹೇಳಬೇಕೆಂದರೆ ಅದು ನಿಜವೇ ಅಲ್ವಾ! ಈಗ ಅವರು ಬಂದರೆ ಬೇರೆ ಯಾವುದರಲ್ಲೂ ಕೂರುವುದಿಲ್ಲ, ಖಣದ ಕುರ್ಚಿಯೇ ಬೇಕು. ಅದು ಮಗಳ ಜಾಗ. ಆಕೆ ಮುಖ ಊದಿಸಿಕೊಂಡು ದುಂಡು ಕುರ್ಚಿಗೆ ಹೋಗುತ್ತಾಳೆ.

ಹೋದ ವಾರದಿಂದ ರಬ್ಬರ್ ಮರದ ಒಂದು ಕುರ್ಚಿ ಮತ್ತೆ ಕಿರುಗುಟ್ಟುತ್ತಿದೆ. ಕಾಕಾಗೆ ಇನ್ನೂ ಹೇಳಿಲ್ಲ. ಟೇಪ್ ಒಂದನ್ನು ಬ್ಯಾಗಿನಲ್ಲಿ ಹಾಕಿಕೊಂಡಿದ್ದೇನೆ, ಗುಜರಿ ಅಂಗಡಿಯ ಮುಂದೆ ಹಾದು ಹೋಗುವಾಗ ಬೇಕಾಗುತ್ತದೆ.