ಎಲೆಕ್ಟ್ರಾನ್ ಡಿಜಿಟಾಕ್ಟ್: ಕಾರವಾರದಿಂದ ಒಂದು ದೀರ್ಘ ಬಳಕೆಯ ವಿಮರ್ಶೆ

ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿರುವ ಎಲೆಕ್ಟ್ರಾನ್ ಕಂಪನಿ 2017ರಲ್ಲಿ ಹೊರತಂದ ಡಿಜಿಟಾಕ್ಟ್ ಎಂಬ ಡ್ರಮ್ ಮಷಿನ್ (ಮುದ್ರಿಸಿಟ್ಟ ಪೆಟ್ಟುಗಳನ್ನು ನಾವು ಜೋಡಿಸಿದ ಕ್ರಮದಲ್ಲಿ ನುಡಿಸುವ ಯಂತ್ರ) ಹಲವು ವರ್ಷಗಳಿಂದ ನಮ್ಮ ತಂಡದ ಲಯದ ಭಾರವನ್ನು ಹೊತ್ತುಕೊಂಡು ಬಂದಿದೆ. ಕಾರವಾರ ಮತ್ತು ಶಿರಸಿಯಲ್ಲಿ ನಾಟಕ, ನೃತ್ಯರೂಪಕಗಳಿಗೆ ಹಿನ್ನೆಲೆ ಸಂಗೀತ ಒದಗಿಸುವ ನಮ್ಮಲ್ಲಿ ತಬಲಾ, ಹಾರ್ಮೋನಿಯಂಗಳ ಜೊತೆಗೆ ಎರಡು ಸಿಂಥ್‌ಗಳು (ವಿದ್ಯುನ್ಮಾನ ಸ್ವರವಾದ್ಯಗಳು) ಮತ್ತು ಒಂದು ಲ್ಯಾಪ್‌ಟಾಪ್ ಇವೆ. ಈ ಯಂತ್ರವನ್ನು ಬಳಸುವವರಲ್ಲಿ ಹೆಚ್ಚಿನವರು ನಾಲ್ಕು ಮಾತ್ರೆಯ ನೃತ್ಯಸಂಗೀತ ಮಾಡುವವರಾದ್ದರಿಂದ, ಏಳು, ಹತ್ತು, ಹದಿನಾಲ್ಕು ಮಾತ್ರೆಗಳ ತಾಳಗಳಲ್ಲಿ ಕೆಲಸ ಮಾಡುವವರಿಗೆ ಇದು ಎಷ್ಟು ಒದಗುತ್ತದೆ ಎಂಬುದನ್ನೇ ಇಲ್ಲಿ ಮುಖ್ಯವಾಗಿ ನೋಡಿದ್ದೇನೆ. ಗಡಿಯಾರದ ಯಜಮಾನಿಕೆಯನ್ನು, ಅಂದರೆ ಎಲ್ಲ ಉಪಕರಣಗಳಿಗೂ ಲಯ ಕೊಡುವ ಕೆಲಸವನ್ನು, ಇದರ ಕೈಗೇ ಕೊಟ್ಟು, ಇದು ಎದುರಿಗಿರುವವರನ್ನು ಕೇಳಿಸಿಕೊಳ್ಳುವುದಿಲ್ಲ ಎಂಬುದನ್ನು ಒಪ್ಪಿಕೊಂಡರೆ, ನಮ್ಮ ತಾಳಗಳಿಗೆ ಇದು ಬಹಳ ಚೆನ್ನಾಗಿ ಒಗ್ಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಯಂತ್ರದಲ್ಲಿ ಎಂಟು ಆಡಿಯೊ ಟ್ರ್ಯಾಕ್‌ಗಳೂ ಎಂಟು ಮಿಡಿ ಟ್ರ್ಯಾಕ್‌ಗಳೂ ಇವೆ; ಮಿಡಿ ಎಂದರೆ ಉಪಕರಣಗಳು ಒಂದಕ್ಕೊಂದು ಸ್ವರದ, ಲಯದ ಸಂದೇಶ ಕಳಿಸುವ ವ್ಯವಸ್ಥೆ. ಸ್ಯಾಂಪಲ್‌ಗಳು, ಅಂದರೆ ಮುದ್ರಿಸಿಟ್ಟ ಧ್ವನಿಯ ತುಣುಕುಗಳು, 48 ಕಿಲೋಹರ್ಟ್ಸ್, 16 ಬಿಟ್‌ನ ಮೊನೊ ಧ್ವನಿಗಳು. ಒಂದು ಪ್ರಾಜೆಕ್ಟ್‌ಗೆ 64 ಎಂಬಿ ಜಾಗ, ಅಂದರೆ ಲೆಕ್ಕ ಹಾಕಿದರೆ ಸುಮಾರು ಹನ್ನೊಂದೂವರೆ ನಿಮಿಷದ ಧ್ವನಿ. ಒಂದು ಪ್ಯಾಟರ್ನ್‌ಗೆ, ಅಂದರೆ ಮತ್ತೆ ಮತ್ತೆ ಸುತ್ತುವ ಒಂದು ಲಯದ ತುಣುಕಿಗೆ, ಗರಿಷ್ಠ 64 ಹೆಜ್ಜೆಗಳು; ಒಂದೊಂದು ಹೆಜ್ಜೆಯೂ ಒಂದು ಪೆಟ್ಟು ಇಡಬಹುದಾದ ಜಾಗ. ಇಂದಿನ ಮೊಬೈಲ್ ಫೋನಿನ ಮುಂದೆ ಈ ಅಂಕಿಗಳು ಬಡವಾಗಿ ಕಾಣುತ್ತವೆ, ಆದರೆ ತಾಳವಾದ್ಯದ ಒಂದೊಂದು ಪೆಟ್ಟು ಒಂದು ಸೆಕೆಂಡಿಗಿಂತ ಹೆಚ್ಚು ಉಳಿಯುವುದು ಅಪರೂಪವಾದ್ದರಿಂದ ಜಾಗದ ಕೊರತೆ ನಮಗೆ ಬಾಧಿಸಿಲ್ಲ.

ಆ 64 ಹೆಜ್ಜೆಗಳ ಮಿತಿ ಮಾತ್ರ ಹೆಚ್ಚಿನ ವಿಚಾರಕ್ಕೆ ಅರ್ಹವಾದುದು. ಮಾತ್ರೆಯೊಂದಕ್ಕೆ ನಾಲ್ಕು ಹೆಜ್ಜೆ ಎಂದು ಇಟ್ಟುಕೊಂಡರೆ ತೀನತಾಲದ ಹದಿನಾರು ಮಾತ್ರೆಗಳು ಸರಿಯಾಗಿ 64 ಹೆಜ್ಜೆಗಳಲ್ಲಿ ತುಂಬಿಕೊಳ್ಳುತ್ತವೆ. ದೀಪಚಂದಿಗೆ 56, ಏಕತಾಲಕ್ಕೆ 48, ಝಪತಾಲಕ್ಕೆ 40, ರೂಪಕಕ್ಕೆ 28 ಹೆಜ್ಜೆಗಳು ಸಾಕು. ಹೀಗಾಗಿ ನಮ್ಮಲ್ಲಿ ಬಳಕೆಯಲ್ಲಿರುವ ಬಹುತೇಕ ಹಿಂದೂಸ್ತಾನಿ ತಾಳಗಳ ಒಂದು ಆವರ್ತನ ಒಂದೇ ಪ್ಯಾಟರ್ನ್‌ನಲ್ಲಿ ಕೂರುತ್ತದೆ. ಎರಡನೆಯ ಆವರ್ತನದಲ್ಲಿ ಏನಾದರೂ ಬದಲಾಗಬೇಕೆಂದರೆ ಪ್ಯಾಟರ್ನ್‌ಗಳನ್ನು ಸರಪಳಿಯಾಗಿ ಜೋಡಿಸಬಹುದು. ನಾನು ಹೆಚ್ಚಾಗಿ ಹೆಜ್ಜೆಗೆ ಷರತ್ತು ಹಾಕುವ ಸೌಲಭ್ಯವನ್ನೇ ನೆಚ್ಚಿಕೊಂಡಿದ್ದೇನೆ. ಒಂದು ಪೆಟ್ಟು ಎರಡು ಸುತ್ತಿಗೊಮ್ಮೆ ಮಾತ್ರ ನುಡಿಯಲಿ, ಇನ್ನೊಂದು ನಾಲ್ಕು ಸುತ್ತಿನ ಕೊನೆಯದರಲ್ಲಿ ಮಾತ್ರ ನುಡಿಯಲಿ ಎಂದು ಗುರುತು ಮಾಡಿಟ್ಟರೆ, ಒಂದೇ ಪ್ಯಾಟರ್ನ್ ನಾಲ್ಕು ಆವರ್ತನಗಳಷ್ಟು ಉದ್ದದ ಮಾತನ್ನು ಆಡುತ್ತದೆ. ತಿಹಾಯಿಯ (ಮೂರು ಬಾರಿ ನುಡಿದು ಮುಗಿಸುವ ಮುಕ್ತಾಯದ) ಪೆಟ್ಟುಗಳಿಗೆಲ್ಲ, ಸಂಕೇತ ಕೊಟ್ಟಾಗ ಮಾತ್ರ ನುಡಿಸುವ ಫಿಲ್ ಎಂಬ ಷರತ್ತು ಹಾಕಿಟ್ಟಿರುತ್ತೇನೆ. ನರ್ತಕಿ ಮುಕ್ತಾಯಕ್ಕೆ ಬರುತ್ತಿರುವುದು ಕಂಡೊಡನೆ ಫಿಲ್‌ಗೆ ಸಂಕೇತ ಕೊಟ್ಟರೆ ಮುಂದಿನ ಸುತ್ತಿನಲ್ಲಿ ತಿಹಾಯಿ ನುಡಿದು ಯಂತ್ರ ಸಮಕ್ಕೆ, ಅಂದರೆ ಆವರ್ತನದ ಮೊದಲ ಮಾತ್ರೆಗೆ, ಬಂದು ನಿಲ್ಲುತ್ತದೆ. ಇಷ್ಟು ವರ್ಷಗಳಲ್ಲಿ ಈ ಯಂತ್ರದ ಬೇರೆ ಯಾವ ಗುಣವೂ ನನಗೆ ಇದರಷ್ಟು ಸಂತೋಷ ಕೊಟ್ಟಿಲ್ಲ.

ತಬಲಾದ ಸ್ಯಾಂಪಲ್‌ಗಳನ್ನು ಜೋಡಿಸುವಾಗ ಒಂದು ವಿಷಯವನ್ನು ಮೊದಲೇ ತಿಳಿದಿರಬೇಕು. ಇಲ್ಲಿನ ಪ್ರತಿ ಟ್ರ್ಯಾಕ್ ಒಮ್ಮೆಗೆ ಒಂದೇ ಧ್ವನಿಯನ್ನು ನುಡಿಸಬಲ್ಲದು. ಹೊಸ ಪೆಟ್ಟು ಬಿದ್ದೊಡನೆ ಹಿಂದಿನದು ಕತ್ತರಿಸಿಹೋಗುತ್ತದೆ. ಬಲಗೈ ಮತ್ತು ಎಡಗೈಗಳ ಬೋಲ್‌ಗಳನ್ನು (ಅಕ್ಷರಗಳಿಂದ ಕರೆಯುವ ಪೆಟ್ಟುಗಳನ್ನು) ಒಂದೇ ಟ್ರ್ಯಾಕ್‌ನಲ್ಲಿಟ್ಟರೆ ಡಗ್ಗಾದ (ಎಡಗೈಯ ವಾದ್ಯದ) ಗುಂಯ್‌ಗಾರ ಮುಂದಿನ ‘ತಿ’ ಬರುತ್ತಲೇ ಸತ್ತುಹೋಗಿ ಠೇಕಾ (ತಾಳದ ಮೂಲ ನುಡಿತ) ನಿರ್ಜೀವವಾಗುತ್ತದೆ. ಡಗ್ಗಾಕ್ಕೆ ಪ್ರತ್ಯೇಕ ಟ್ರ್ಯಾಕ್ ಕೊಟ್ಟಾಗ ‘ಗೆ’ಯ ನಾದ ಉಳಿಯುತ್ತದೆ, ‘ಕತ್’ ಬಿದ್ದಾಗ ಮಾತ್ರ ನಿಜವಾದ ಡಗ್ಗಾದಲ್ಲಿ ಆಗುವಂತೆ ಅದು ಅಡಗುತ್ತದೆ, ‘ಧಾ’ ಬೇಕಾದಲ್ಲಿ ಎರಡೂ ಟ್ರ್ಯಾಕ್‌ಗಳು ಒಟ್ಟಿಗೆ ನುಡಿಯುತ್ತವೆ. ರೂಪಕದ ಮೊದಲ ಮೂರು ಮಾತ್ರೆಗಳಲ್ಲಿ ಡಗ್ಗಾದ ಟ್ರ್ಯಾಕನ್ನು ಖಾಲಿ ಬಿಟ್ಟರೆ ತಾಳದ ‘ಖಾಲಿ’ಯ, ಅಂದರೆ ಒತ್ತಿಲ್ಲದ ಭಾಗದ, ಭಾವ ತಾನಾಗಿ ಬರುತ್ತದೆ. ಬಲಗೈಯ ಟ್ರ್ಯಾಕ್‌ನಲ್ಲಿ ಹೆಜ್ಜೆ ಹೆಜ್ಜೆಗೂ ಬೇರೆ ಸ್ಯಾಂಪಲ್ ನಿಗದಿ ಮಾಡುವ ಅವಕಾಶ ಇರುವುದರಿಂದ ‘ನಾ’, ‘ತಿ’, ‘ತೂ’, ‘ತಿಟ’ ಎಲ್ಲವೂ ಅದೊಂದರಲ್ಲೇ ಅಡಗುತ್ತವೆ.

ಗುಮಟೆಯ ಧ್ವನಿಮುದ್ರಣಕ್ಕೆ ಇನ್ನೂ ಹೆಚ್ಚಿನ ಶ್ರಮ ಬೇಕಾಯಿತು. ಮಣ್ಣಿನ ಮಡಕೆಯ ಒಂದು ಬಾಯಿಗೆ ಚರ್ಮ ಬಿಗಿದು, ಇನ್ನೊಂದು ಬಾಯನ್ನು ಅಂಗೈಯಿಂದ ಮುಚ್ಚಿ ತೆರೆದು ನಾದವನ್ನು ಬಾಗಿಸುವ ಈ ವಾದ್ಯ ನಮ್ಮ ಕರಾವಳಿಯ ಹಾಲಕ್ಕಿಗಳಲ್ಲೂ ಘಟ್ಟದ ಮೇಲಿನ ಸಿದ್ದಿಗಳಲ್ಲೂ ಇಂದಿಗೂ ಜೀವಂತವಾಗಿದೆ. ಹಿಂದೆ ಇದಕ್ಕೆ ಉಡದ ಚರ್ಮ ಬಳಸುತ್ತಿದ್ದರು. ಉಡ ಸಂರಕ್ಷಿತ ಪ್ರಾಣಿಯಾದ್ದರಿಂದ ಈಗ ಆಡಿನ ಚರ್ಮ ಬಂದಿದೆ. ಅಂಗೈ ತೆರೆದ ಪೆಟ್ಟು, ಮುಚ್ಚಿದ ಪೆಟ್ಟು, ಅಂಚಿನ ಪೆಟ್ಟು, ಇವನ್ನು ಮೃದುವಾಗಿಯೂ ಜೋರಾಗಿಯೂ ಬೇರೆ ಬೇರೆಯಾಗಿ ಮುದ್ರಿಸಿಕೊಳ್ಳಬೇಕು. ಒಂದೇ ಸ್ಯಾಂಪಲನ್ನು ಮತ್ತೆ ಮತ್ತೆ ನುಡಿಸಿದರೆ ಯಾರ ಕಿವಿಗೂ ಅದು ಯಂತ್ರವೆಂದು ಗೊತ್ತಾಗುತ್ತದೆ. ಜೋರಿನ ಪ್ರಮಾಣವನ್ನು ಹೆಜ್ಜೆ ಹೆಜ್ಜೆಗೂ ಬದಲಿಸಿ, ಫಿಲ್ಟರ್‌ಗೆ (ಧ್ವನಿಯ ಹೊಳಪನ್ನು ಬದಲಿಸುವ ಭಾಗಕ್ಕೆ) ಅನಿಯತವಾದ ಸಣ್ಣ ಏರಿಳಿತ ಕೊಟ್ಟು, ಕೆಲವು ಪೆಟ್ಟುಗಳನ್ನು ಹೆಜ್ಜೆಯ ಜಾಗದಿಂದ ಸ್ವಲ್ಪ ಹಿಂದೆ ಮುಂದೆ ಸರಿಸಿದ ಮೇಲೆಯೇ ಅದಕ್ಕೆ ಉಸಿರು ಬಂದದ್ದು. ಹೆಜ್ಜೆಯೊಂದನ್ನು 24 ಭಾಗ ಮಾಡಿ ಸರಿಸಲು ಯಂತ್ರ ಅವಕಾಶ ಕೊಡುತ್ತದೆ. ನುಡಿಸುವವರ ಒಪ್ಪಿಗೆ ಕೇಳಿ, ತಕ್ಕ ಸಂಭಾವನೆ ಕೊಟ್ಟು ಮುದ್ರಿಸಿಕೊಳ್ಳಬೇಕೆಂಬುದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಸ್ಯಾಂಪಲ್ ಆದ ಮೇಲೆ ಅವರ ಕೈ ಅವರಿಲ್ಲದ ವೇದಿಕೆಗಳಲ್ಲೂ ನುಡಿಯುತ್ತಿರುತ್ತದೆ.

ಇನ್ನು ಮಿಡಿ ಸಿಂಕ್‌ನ, ಅಂದರೆ ಉಪಕರಣಗಳ ಲಯವನ್ನು ಒಂದಾಗಿಸುವ, ವಿಷಯ. 1983ರಿಂದ ಬಳಕೆಯಲ್ಲಿರುವ ಈ ವ್ಯವಸ್ಥೆಯಲ್ಲಿ ಗಡಿಯಾರದ ಮಿಡಿತ ಕಾಲು ಸ್ವರಕ್ಕೆ (ನಮ್ಮ ಲೆಕ್ಕದಲ್ಲಿ ಒಂದು ಮಾತ್ರೆಗೆ) 24 ಬಾರಿ ಹೋಗುತ್ತದೆ; ನಿಮಿಷಕ್ಕೆ 120ರ ಲಯದಲ್ಲಿ ಒಂದು ಮಿಡಿತಕ್ಕೂ ಇನ್ನೊಂದಕ್ಕೂ ಸುಮಾರು 20.8 ಮಿಲಿಸೆಕೆಂಡ್ ಅಂತರ. ಈ ಮಿಡಿತದಲ್ಲಿ ತಾಳದ ಸುಳಿವು ಏನೂ ಇರುವುದಿಲ್ಲ. ಶುರು, ನಿಲ್ಲು, ಮುಂದುವರಿ ಎಂಬ ಸಂದೇಶಗಳು ಬೇರೆಯಾಗಿ ಹೋಗುತ್ತವೆ, ಆವರ್ತನ ಏಳರದೋ ಹತ್ತರದೋ ಎಂಬುದು ಗಡಿಯಾರಕ್ಕೆ ಗೊತ್ತಿಲ್ಲ. ಆದ್ದರಿಂದ ಯಂತ್ರದಲ್ಲಿ ರೂಪಕ ಓಡುತ್ತಿರುವಾಗ ಲ್ಯಾಪ್‌ಟಾಪ್‌ನಲ್ಲಿಯೂ ಏಳು ಮಾತ್ರೆಯ ಲೆಕ್ಕವನ್ನು ನಾವೇ ಹಾಕಿಡಬೇಕು. ಹಾಗೆ ಮಾಡದಿದ್ದರೆ ಲಯ ಕೂಡಿದ್ದರೂ ಸಮ ಕೂಡುವುದಿಲ್ಲ.

ಯಜಮಾನ ಯಾರಾಗಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ: ಡಿಜಿಟಾಕ್ಟ್. ಲ್ಯಾಪ್‌ಟಾಪ್ ನೂರು ಕೆಲಸಗಳ ನಡುವೆ ಮಿಡಿತ ಕಳಿಸುವುದರಿಂದ ಅದು ಒಮ್ಮೆ ಬೇಗ ಒಮ್ಮೆ ತಡವಾಗಿ ತಲುಪುವ ಸಂಭವ ಹೆಚ್ಚು, ಮತ್ತು ಅಂಥ ಮಿಡಿತವನ್ನು ಹಿಂಬಾಲಿಸುವ ಯಾವುದೇ ಯಂತ್ರದಲ್ಲಿ ಲಯಕ್ಕೆ ಕಟ್ಟಿಹಾಕಿದ ಡಿಲೇಯ (ಪ್ರತಿಧ್ವನಿಯ) ಧ್ವನಿ ನಡುಗುತ್ತದೆ. ಡಿಜಿಟಾಕ್ಟ್‌ನಿಂದ ಐದು ಪಿನ್ನಿನ ಕೇಬಲ್‌ನಲ್ಲಿ ಎರಡು ಸಿಂಥ್‌ಗಳಿಗೆ, ಯುಎಸ್‌ಬಿಯಲ್ಲಿ ಲ್ಯಾಪ್‌ಟಾಪ್‌ಗೆ ಗಡಿಯಾರ ಕಳಿಸುವ ವ್ಯವಸ್ಥೆ ನಮ್ಮದು. ಸೆಟ್ಟಿಂಗ್‌ಗಳಲ್ಲಿ ಕ್ಲಾಕ್ ಸೆಂಡ್ ತೆರೆದು ಕ್ಲಾಕ್ ರಿಸೀವ್ ಮುಚ್ಚಿಡುವುದು ಅಗತ್ಯ. ಎರಡೂ ಕಡೆ ಎರಡನ್ನೂ ತೆರೆದಿಟ್ಟರೆ ಯಾರು ಯಾರನ್ನು ಹಿಂಬಾಲಿಸಬೇಕೆಂಬುದೇ ನಿರ್ಧಾರವಾಗದೆ ಲಯ ಹದಗೆಡುತ್ತದೆ.

ಐದು ಪಿನ್ನಿನ ಮಿಡಿ ಸೆಕೆಂಡಿಗೆ 31,250 ಬಿಟ್‌ಗಳ ವೇಗದ್ದು, ಸಂದೇಶಗಳು ಅದರಲ್ಲಿ ಒಂದರ ಹಿಂದೆ ಒಂದಾಗಿಯೇ ಹೋಗಬೇಕು. ಒಂದು ಸ್ವರದ ಸಂದೇಶಕ್ಕೆ ಸುಮಾರು ಒಂದು ಮಿಲಿಸೆಕೆಂಡ್ ಹಿಡಿಯುತ್ತದೆ. ಸಮದ ಮೇಲೆ ಬೇರೆ ಬೇರೆ ಚಾನೆಲ್‌ಗಳಿಗೆ ಎಂಟು ಸ್ವರಗಳನ್ನು ಒಮ್ಮೆಗೇ ಕಳಿಸಿದರೆ ಕೊನೆಯದು ತಲುಪುವಷ್ಟರಲ್ಲಿ ಎಂಟು ಮಿಲಿಸೆಕೆಂಡ್ ಕಳೆದಿರುತ್ತದೆ. ಪೆಟ್ಟಿನ ಧ್ವನಿಗಳನ್ನು ಯಂತ್ರದೊಳಗೇ ಉಳಿಸಿಕೊಂಡು, ನಿಧಾನವಾಗಿ ಏಳುವ ಸ್ವರಗಳನ್ನು ಮಾತ್ರ ಮಿಡಿಗೆ ಬಿಟ್ಟುಕೊಟ್ಟರೆ ಈ ತಡ ಗಮನಕ್ಕೆ ಬರುವುದಿಲ್ಲ.

ಎಲ್ಲಿ ಈ ಯಂತ್ರ ಸೋಲುತ್ತದೆ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಯಕ್ಷಗಾನದಲ್ಲಿ ಭಾಗವತರು ಹಿಡಿದ ಲಯವೇ ಲಯ. ಚಂಡೆ ಮದ್ದಳೆಗಳು ಅವರ ಉಸಿರನ್ನೂ ವೇಷಧಾರಿಯ ಕಾಲನ್ನೂ ನೋಡಿಕೊಂಡು ಏರುತ್ತವೆ, ಇಳಿಯುತ್ತವೆ. ಮಿಡಿ ಗಡಿಯಾರಕ್ಕೆ ಆ ಕಣ್ಣಿಲ್ಲ. ಬೆರಳಿನಿಂದ ಬಡಿದು ಲಯ ಹೊಂದಿಸುವ ಸೌಲಭ್ಯವೂ, ಓಡುತ್ತಿರುವಾಗಲೇ ವೇಗವನ್ನು ತುಸು ತಳ್ಳುವ ಅಥವಾ ತಡೆಯುವ ಸೌಲಭ್ಯವೂ ಇವೆ ನಿಜ, ಆದರೆ ಅವು ಸಣ್ಣ ತಿದ್ದುಪಡಿಗಳಿಗೆ ಮಾತ್ರ. ಯಕ್ಷಗಾನದ ಹಿಮ್ಮೇಳದ ನಡುವೆ ಇದನ್ನು ಇಡುವುದನ್ನು ನಾನು ಒಪ್ಪುವುದಿಲ್ಲ. ಲಯ ಮೊದಲೇ ನಿಗದಿಯಾಗಿರುವ ನೃತ್ಯರೂಪಕದಲ್ಲಿ, ತಬಲಾದವರು ಇಯರ್‌ಫೋನಿನಲ್ಲಿ ಯಂತ್ರದ ಠೇಕಾ ಕೇಳಿಸಿಕೊಂಡು ನುಡಿಸುವಲ್ಲಿ, ಇದು ಹೊಂದಿಕೊಳ್ಳುತ್ತದೆ.

ಕರಾವಳಿಯಲ್ಲಿ ಇಂಥ ಉಪಕರಣ ಇಟ್ಟುಕೊಳ್ಳುವವರಿಗೆ ವಿದ್ಯುತ್ತು ಮತ್ತು ಉಪ್ಪುಗಾಳಿ ಎರಡೂ ಚಿಂತೆಯ ವಿಷಯಗಳು. ಯಂತ್ರದೊಳಗೆ ಬ್ಯಾಟರಿ ಇಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ಯಜಮಾನನೇ ಮಲಗಿದಂತಾಗಿ, ಹೊರಗಿನ ಗಡಿಯಾರವನ್ನು ಕಾಯುವ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಎಚ್ಚರವಾಗಿದ್ದೂ ನಿಂತುಬಿಡುತ್ತದೆ. ಇದಕ್ಕೆ 12 ವೋಲ್ಟ್, 2 ಆಂಪಿಯರ್‌ನ ನೇರ ವಿದ್ಯುತ್ತು ಬೇಕು. ಆ ಪ್ರಮಾಣವನ್ನು ನಿಜವಾಗಿ ಕೊಡಬಲ್ಲ ಸಣ್ಣ ಯುಪಿಎಸ್ ಸಿಕ್ಕರೆ ಸಮಸ್ಯೆ ಮುಗಿಯುತ್ತದೆ, ಆದರೆ ರೂಟರ್‌ಗಳಿಗೆಂದು ಮಾರುವ ಹಲವು ಯುಪಿಎಸ್‌ಗಳ ಪ್ಲಗ್‌ನ ಒಳರಂಧ್ರ 2.1 ಮಿಲಿಮೀಟರ್‌ನದು, ಇಲ್ಲಿ ಬೇಕಾದದ್ದು 2.5ರದು ಎಂಬುದನ್ನು ನೋಡಿಕೊಳ್ಳಬೇಕು. ಉಪ್ಪುಗಾಳಿಗೆ ಮೊದಲು ತುತ್ತಾಗುವುವು ಜ್ಯಾಕ್‌ಗಳು ಮತ್ತು ಕೇಬಲ್ ತುದಿಗಳು. ಸಿಲಿಕಾ ಜೆಲ್ ಇಟ್ಟ ಮುಚ್ಚಳದ ಪೆಟ್ಟಿಗೆಯಲ್ಲಿ ಯಂತ್ರವನ್ನಿಟ್ಟು, ಬಳಸದ ದಿನಗಳಲ್ಲೂ ಆಗಾಗ ಚಾಲೂ ಮಾಡಿ, ಪ್ಲಗ್‌ಗಳನ್ನು ಒರೆಸುತ್ತ ಬಂದಿದ್ದೇನೆ. ಶಿರಸಿಯವರಿಗೆ ಉಪ್ಪಿನ ಕಾಟ ಇಲ್ಲದಿದ್ದರೂ ತೇವದ ಕಾಟ ಇದ್ದೇ ಇದೆ.

2024ರಲ್ಲಿ ಬಂದ ಡಿಜಿಟಾಕ್ಟ್ 2ರಲ್ಲಿ ಆಡಿಯೊಗಾಗಲಿ ಮಿಡಿಗಾಗಲಿ ಬಳಸಬಹುದಾದ ಹದಿನಾರು ಟ್ರ್ಯಾಕ್‌ಗಳು, ಸ್ಟೀರಿಯೊ ಸ್ಯಾಂಪಲ್‌ಗಳು ಮತ್ತು 128 ಹೆಜ್ಜೆಗಳಿವೆ. ದೀಪಚಂದಿಯ ಎರಡು ಆವರ್ತನಗಳು 112 ಹೆಜ್ಜೆಗಳಲ್ಲಿ, ಝಪತಾಲದ ಮೂರು ಆವರ್ತನಗಳು 120 ಹೆಜ್ಜೆಗಳಲ್ಲಿ ಒಂದೇ ಪ್ಯಾಟರ್ನ್‌ನಲ್ಲಿ ಬರುವುದರಿಂದ, ಹೊಸದಾಗಿ ಕೊಳ್ಳುವವರು ಹಣವಿದ್ದರೆ ಅದನ್ನೇ ಆಯ್ದುಕೊಳ್ಳಬಹುದು. ಹಳೆಯದನ್ನು ಕಡಿಮೆ ಬೆಲೆಗೆ ಕೊಳ್ಳುವವರು ಪ್ರತಿ ಗುಂಡಿಯನ್ನೂ ಪ್ರತಿ ತಿರುಗಣೆಯನ್ನೂ ಪರೀಕ್ಷಿಸಿ, ಮಿಡಿ ಔಟ್‌ನಿಂದ ಇನ್ನೊಂದು ಉಪಕರಣಕ್ಕೆ ಗಡಿಯಾರ ಕಳಿಸಿ, ಅದು ಯಂತ್ರದೊಡನೆ ಶುರುವಾಗಿ ಯಂತ್ರದೊಡನೆಯೇ ನಿಲ್ಲುತ್ತದೆಯೇ ಎಂದು ಮಾರುವವರ ಎದುರಿಗೇ ನೋಡಿದ ಮೇಲೆ ಹಣ ಕೊಡಲಿ.